ಅಕ್ಕನ ಶಾಲು ಅಕ್ಕನಿಗೇ

ಮಾನ್ಯ ಅಧ್ಯಕ್ಷರಾದ ಶಂಕರನಾರಾಯಣ ಅವರೇ, ಎರ್ನಾಕುಲಂ ಕನ್ನಡ ಬಳಗದ ಕಾರ್ಯದರ್ಶಿ ಜುಬೈದಾ ಅವರೇ, ಒಳಗೆ ಬಿಸಿಬೇಳೆಬಾತ್ ಘಮಘಮಿಸುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ ಸಹೃದಯ ಸಭಿಕರೇ,

ನಾನೂ ಕುರ್ಚಿ ಬಿಟ್ಟಿಲ್ಲ, ಗಮನಿಸಿ. ನನ್ನದಕ್ಕೆ ಗಾಲಿಯಿದೆ, ಅಷ್ಟೇ ವ್ಯತ್ಯಾಸ.

'ವಿಕಲಚೇತನರ ಸಹಾಯಧನದ ನಿಯಮ ಬದಲಾಯಿಸಿದ ಸಹೋದರ ಸಹೋದರಿ, ಸುಧನ್ವ ಮತ್ತು ಮೋಹಿನಿ' ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ಓದಿ ಎದೆ ಉಬ್ಬಿತು. ಆದರೆ ನಿಜ ಹೇಳಲೇ? ತಿರುವನಂತಪುರದಲ್ಲಿ ನಾವು ಮಾಡಿದ್ದು ಜಗಳ.

ಕರಡು ನಿಯಮದಲ್ಲಿ ಏನಿತ್ತು? ಸಹಾಯಧನವೆಲ್ಲ ಆರೈಕೆ ಮಾಡುವವರ ಖಾತೆಗೆ ಹೋಗಬೇಕು, ನಮ್ಮ ಪರವಾಗಿ ಅವರೇ ಸಹಿ ಹಾಕಬೇಕು. ಅದರ ಬಗ್ಗೆ ಜನರ ಅಭಿಪ್ರಾಯ ಕೇಳಲು ಸಮಿತಿಯೊಂದು ಕೂತಿತ್ತು. ನಾನೂ ಅಕ್ಕನೂ ತಂಪಾನೂರು ನಿಲ್ದಾಣದಲ್ಲಿ ರೈಲಿಳಿದು ಹೋದೆವು. ಸಮಿತಿಯ ಅಧ್ಯಕ್ಷೆ ನನ್ನನ್ನು ನೋಡಿದರು, ಆದರೆ ಅಕ್ಕನನ್ನು ಕೇಳಿದರು: "ಇವರಿಗೆ ಏನು ಬೇಕು?"

ಅಕ್ಕ ಮಲಯಾಳಂನಲ್ಲಿ ಸರಾಗವಾಗಿ ಶುರು ಮಾಡಿದಳು: ಅವನಿಗೆ ನಾನಿದ್ದೇನೆ, ಏನೂ ತೊಂದರೆಯಿಲ್ಲ. ನನಗೆ ಮೈ ಉರಿಯಿತು. ಜಗಳಕ್ಕೆ ನಮ್ಮದು ಮೈಸೂರು ಕನ್ನಡ. ಇಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯ. ನಿಮಗೂ ಇದೆಯಲ್ಲ, ಅಂಗಡಿಯವನ ಎದುರೇ ಅವನ ಸೀರೆಗೆ ಹೆಸರಿಡುವ ಧೈರ್ಯ?

"ನಾನೇನು ಕೊರಿಯರ್ ಪಾರ್ಸೆಲ್ಲಾ ಅಕ್ಕ, ನನ್ ಸಹಿ ನೀನ್ ಹಾಕಕ್ಕೆ?" ಎಂದೆ.

"ನೀನೇ ಹಾಕ್ಕೋ ಹೋಗೋ! ನಂಗೇ ಅಂತ ಒಂದು ಭಾನುವಾರ ಇದ್ಯಾ? ನಂಗೇನ್ ಬೇಕು ಅಂತ ಯಾರಾದ್ರೂ ಕೇಳಿದ್ರಾ? ನೀನ್ ಕೇಳಿದ್ಯಾ?"

"ನೀನ್ ಹೇಳಿದ್ಯಾ?"

"ನೀನ್ ಹೆದರ್ಕೋತೀಯ ಅಂತ ಹೇಳ್ಲಿಲ್ಲ ಕಣೋ."

ಹೆದರಿಕೆ ಇತ್ತು ಸಭಿಕರೇ. ಒಂದು ಭಾನುವಾರ ಹೊರಗೆ ಹೋದವಳು ಒಂದು ದಿನ ಹೊರಟೇಹೋದರೆ? ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಬಾಯಿಗೆ ಬಂತು, ಇರಲಿ.

ಆಗ ಮೇಜಿನ ತುದಿಯಿಂದ ಸಮಿತಿಯ ಸದಸ್ಯೆ ಕೌಸಲ್ಯಾ, ಕಾಸರಗೋಡಿನವರು, ಅಚ್ಚ ಕನ್ನಡದಲ್ಲಿ ಕೇಳಿದರು: "ನಿಮ್ಮದು ಮುಗಿಯಿತಾ, ಅಲ್ಲ ಇನ್ನೂ ಉಂಟಾ? ನಾನು ಬರೀತಾ ಇದ್ದೇನೆ ಮಾರಾಯ್ರೇ!"

ಅಕ್ಕ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾನು ಓಡಿಹೋಗೋಣವೆಂದರೆ ಗಾಲಿಕುರ್ಚಿಯ ಬ್ಯಾಟರಿ ಕೆಂಪು ದೀಪ ತೋರಿಸುತ್ತಿತ್ತು. ಕೌಸಲ್ಯಾ ಅವರು ಅಷ್ಟನ್ನೂ, ಪಾರ್ಸೆಲ್ ಸಮೇತ, ಮಲಯಾಳಂಗೆ ತಿರುಗಿಸಿ ಓದಿದರು. ಅಧ್ಯಕ್ಷೆ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ನನ್ನನ್ನೇ ಕೇಳಿದರು, ನಿಮಗೇನು ಬೇಕು ಎಂದು. ನಂತರ ಅಕ್ಕನನ್ನೂ ಕೇಳಿದರು, ಅವಳಿಗೇನು ಬೇಕು ಎಂದು. ಅವಳು ಉತ್ತರಿಸುವ ಮೊದಲು ಅತ್ತಳು.

ಈಗ ನಿಯಮ ಬಂದಿದೆ. ಸಹಾಯಧನ ನನ್ನ ಹೆಸರಿಗೆ, ಸಹಿ ನನ್ನದು. ಆರೈಕೆ ಮಾಡುವವರಿಗೆ ಬೇರೆ ಭತ್ಯೆ, ವಾರಕ್ಕೊಂದು ರಜೆ, ಆ ದಿನಕ್ಕೆ ಬದಲಿ ಸಹಾಯಕರು. ಚಪ್ಪಾಳೆ ಜೋರಾಗಿರಲಿ, ಕೌಸಲ್ಯಾ ಅವರಿಗೆ ಕೇಳಿಸಬೇಕು!

ಅಕ್ಕ ಎಲ್ಲಿ ಎಂದು ಅಧ್ಯಕ್ಷರು ಆಗಿನಿಂದ ಕೇಳುತ್ತಿದ್ದಾರೆ. ಇವತ್ತು ಭಾನುವಾರವಲ್ಲವೇ? ಅವಳು ಎಡಪ್ಪಳ್ಳಿಯ ಮಾಲ್‌ನಲ್ಲಿ ಗೆಳತಿಯರ ಜೊತೆ ಸಿನಿಮಾ ನೋಡುತ್ತಿದ್ದಾಳೆ. ನಾನು ಮೆಟ್ರೋದಲ್ಲಿ ಒಬ್ಬನೇ ಬಂದೆ. ಹೆದರಿಕೆಯಾಯಿತೇ? ಆಯಿತು. ಖುಷಿಯಾಯಿತೇ? ಅದಕ್ಕಿಂತ ಹೆಚ್ಚಾಯಿತು.

ಜುಬೈದಾ ಅವರೇ, ಎರಡು ಶಾಲು ತಂದಿದ್ದೀರಿ. ಅಕ್ಕನದನ್ನೂ ನೀವೇ ತೆಗೆದುಕೊಳ್ಳಿ ಎನ್ನುತ್ತಿದ್ದೀರಿ. ಕ್ಷಮಿಸಿ, ಅವಳ ಪರವಾಗಿ ನಾನು ತೆಗೆದುಕೊಳ್ಳಲಾರೆ. ಅವಳನ್ನೇ ಕರೆದು ಕೊಡಿ. ಭಾನುವಾರ ಮಾತ್ರ ಬೇಡ, ಆವತ್ತು ಅವಳಿಗೆ ಬಿಡುವಿರುವುದಿಲ್ಲ.

ಎಲ್ಲರಿಗೂ ನನ್ನ ಧನ್ಯವಾದ, ಮತ್ತು ನನ್ನೊಬ್ಬನ ನಮಸ್ಕಾರ.