ನಕ್ಷೆಯಲ್ಲಿ ನಮ್ಮ ಕಡೆ ಹಸಿರು

ಶ್... ಮೆಲ್ಲಗೆ! ಆ ಬಾಗಿಲು ಪೂರ್ತಿ ಹಾಕು ತಾಯಿ. ನಿನ್ನ ಬಾಯಿಂದ ಆಚೆ ಹೋಗಬಾರದು, ಆಣೆ ಮಾಡು. ನಾನೂ ಯಾರಿಗೂ ಹೇಳಿಲ್ಲ... ಎದುರು ಮನೆಯವಳಿಗೆ ಬಿಟ್ಟು. ಹಾಲಿನವನಿಗೂ ಅರ್ಧ ಮಾತ್ರ ಹೇಳಿದ್ದು.

ಮೇಲಿನ ಮನೆ ಟೀಚರಮ್ಮ ಇಲ್ವಾ, ಗಂಡನ್ನ ಬಿಟ್ಟಳು! ಕೋರ್ಟಲ್ಲಿ ಆಗೇಹೋಯ್ತು. ಯಾಕಂತೀಯ? ಮಿಕ್ಸಿಗೆ! ಹೂಂ ಕಣೇ, ಮಿಕ್ಸಿಗೆ! ಆ ರೋಗದ ಕಾಲದಲ್ಲಿ ಅವನಿಗೆ ಮನೇಲೇ ಆಫೀಸಾಯ್ತಲ್ಲ, "ಮೀಟಿಂಗಿದೆ, ಮಿಕ್ಸಿ ಹಾಕಬೇಡ" ಅಂದ. ಇವಳು "ನಂಗೂ ಕ್ಲಾಸಿದೆ, ನೀವೇ ರುಬ್ಬಿ" ಅಂದ್ಳು. ಅಲ್ಲಿಂದ ಶುರು.

ಯಾಕೆ ನಗ್ತೀಯ? ಗೋಡೆಗೆ ಲೋಟ ಇಟ್ಟು ಕೇಳಿದೆ ಅಂದ್ಕೊಂಡ್ಯಾ? ಛೆ ಛೆ! ಬಚ್ಚಲ ಪೈಪಲ್ಲಿ ತಾನಾಗೇ ಇಳಿದು ಬರುತ್ತೆ. ನಾನು ಅಲ್ಲೊಂದು ಸ್ಟೂಲ್ ಹಾಕ್ಕೊಂಡಿದ್ದೆ, ಅಷ್ಟೆ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಅದು ಗಂಡ ಸಂಜೆ ಮನೆಗೆ ಬರ್ತಿದ್ದ ಕಾಲದ ಗಾದೆ! ಬೆಳಗ್ಗೆಯಿಂದ ಮನೇಲೇ ಕೂತರೆ ಉಣ್ಣೋದೂ ಜಗಳ, ಮಲಗೋದೂ ಜಗಳ. ನೀನು ಪುಣ್ಯವಂತೆ ಬಿಡು. ನಿನ್ನ ಗಂಡ ಬಸ್ ಡ್ರೈವರು, ಕೋಳಿ ಕೂಗೋ ಮುಂಚೆ ಡಿಪೋ ಸೇರ್ಕೋತಾನೆ. ಸಂಸಾರಕ್ಕೆ ಅದಕ್ಕಿಂತ ಬೇರೆ ಔಷಧಿ ಬೇಕಾ?

ಮೊನ್ನೆ ಟೀವಿ ನೋಡಿದ್ಯಾ? ರೋಗ ಬಂದ ಮೇಲೆ ಯಾವ ಕಡೆ ಎಷ್ಟು ಡೈವೋರ್ಸ್ ಆಯ್ತು ಅಂತ ದೇಶದ ನಕ್ಷೆ ಹಾಕಿದ್ರು. ಸಮುದ್ರದ ಕಡೆ ಕೆಂಪೋ ಕೆಂಪು. ದೊಡ್ಡ ದೊಡ್ಡ ಊರೆಲ್ಲ ಬೆಂಕಿ. ನಮ್ಮ ಕಡೆ? ತಣ್ಣಗೆ ಹಸಿರು! ನಮ್ಮೋರು ಮರ್ಯಾದಸ್ಥರು ಕಣೇ. ಈ ಟೀಚರಮ್ಮ ಒಬ್ಬಳು ಬಂದ್ಳು ನೋಡು, ಹಸಿರಿಗೆ ಹುಳ ಬಿದ್ದ ಹಾಗೆ!

ಅತ್ತ ಏನು ನೋಡ್ತೀಯ? ಅದಾ... ಒಳಗೆ ನನ್ನ ಮಗಳು ಮಲಗಿದಾಳೆ. ಆ ರೋಗ ಶುರುವಾದಾಗ ನಾಲ್ಕು ದಿನಕ್ಕೆ ಅಂತ ಬಂದವಳು, ಬಸ್ಸೆಲ್ಲ ನಿಂತು ಇಲ್ಲೇ ಸಿಕ್ಕಿಹಾಕ್ಕೊಂಡ್ಳು ಪಾಪ. ಅಳಿಯ ದಿನಾ ಫೋನ್ ಮಾಡ್ತಾನೆ. ಹೂಂ, ದಿನಾ! ಬಾ ಬಾ ಅಂತಾನೆ. ಇವಳೂ ಹೊರಟೇ ನಿಂತಿದಾಳೆ. ಏನ್ಮಾಡೋದು, ಅವನ ಊರಿಗೆ ಇನ್ನೂ ಬಸ್ಸೇ ಬಿಟ್ಟಿಲ್ಲ...

ಯಾಕೆ ಲೋಟ ಕೆಳಗಿಟ್ಟೆ?

ಏನಂದೆ?... ಓ. ನಿನ್ನ ಗಂಡ ಬಸ್ ಓಡಿಸೋದು ಆ ಊರಿಗೇನಾ?

ದಿನಾನಾ?

...ಕಾಫಿ ಆರ್ತಿದೆ, ಕುಡಿ. ಹಾಗೆ ನೋಡಬೇಡ. ಹೂಂ, ಒಳಗಿನ ಹಗ್ಗದ ಮೇಲಿರೋದು ಅವಳ ಬಟ್ಟೆಗಳೇ. ಬಾಲ್ಕನೀಲಿ ಹಾಕಿದ್ರೆ ನಾಲ್ಕು ಜನ ನೋಡ್ತಾರೆ. ಜನರ ಬಾಯಿ ಎಂಥದ್ದು ಅಂತ ನಿನಗೇನು ಗೊತ್ತು! ನನಗೆ ಗೊತ್ತು.

ಇವತ್ತು ಬೆಳಗ್ಗೆ ಟೀಚರಮ್ಮ ಮೆಟ್ಟಿಲ ಮೇಲೆ ಸಿಕ್ಳು. ನಕ್ಷೆ ವಿಷಯ ಹೇಳಿ, "ನಮ್ಮ ಕಡೆ ಮಾನ ಕಳೆದುಬಿಟ್ಟೆಯಲ್ಲಮ್ಮ" ಅಂದೆ. ತಲೆ ತಗ್ಗಿಸ್ತಾಳೆ ಅಂದ್ಕೊಂಡ್ರೆ... ಮುಖಕ್ಕೆ ಮುಖ ಕೊಟ್ಟು ಹೇಳಿದ್ಳು ಕಣೇ: "ಅಜ್ಜೀ, ಆ ಪೈಪಲ್ಲಿ ನನ್ನ ಜಗಳ ಕೆಳಗಿಳಿದ ಹಾಗೇ ನಿಮ್ಮ ಮಗಳ ಅಳು ಮೇಲಕ್ಕೆ ಬರುತ್ತೆ. ಅವಳ ಬಟ್ಟೆ ಬಿಸಿಲಿಗೆ ಹಾಕಿ. ನಕ್ಷೆ ಇನ್ನೊಂಚೂರು ಕೆಂಪಾದ್ರೆ ಊರೇನೂ ಮುಳುಗಲ್ಲ."