ಬಸ್ ಹತ್ತೂದಿಲ್ಲ ಅಂದವರು

ಗಡಿಯಾಚೆಯ ಪಟಾನ್‌ಚೆರುವಿನ ಬಸ್ ನಿಲ್ದಾಣದಲ್ಲಿ, ತಮ್ಮ ಕನ್ನಡ ಯಾರಿಗೂ ತಿಳಿಯದೆಂಬ ಧೈರ್ಯದಿಂದ ಗದಿಗೆಮ್ಮ ಮತ್ತು ಸೊಸೆ ರೇಣುಕಾ ಜಗಳಕ್ಕೆ ನಿಂತಿದ್ದರು. ಪಕ್ಕದಲ್ಲಿ ಕೂತಿದ್ದ ಗಿರಿಜಾಬಾಯಿಯ ಮನೆಮಾತೂ ಅದೇ. ಆಕೆ ರಸ್ತೆಯತ್ತ ಮುಖ ತಿರುಗಿಸಿ ಕಿವಿಯನ್ನು ಇತ್ತ ಬಿಟ್ಟಿದ್ದಳು.

"ಬಸ್ಸಿನ ದಾರಿ ಬದಲ್ ಮಾಡೋರು ಯಾರ್ಯಾರು ಬಸ್ ಹತ್ತತೀರಿ ಅಂತ ಕೇಳಾಕ ಬಂದಾಗ, ನಾವು ಹತ್ತೂದ ಇಲ್ಲ ಅನ್ರಿ ಅಂತ ನಮ್ಮ ಇಡೀ ಬಸ್ತಿ ಮಂದಿಗೆ ಕಲಿಸಿದವ್ರು ನೀವ, ಅತ್ತಿ."

"ಹತ್ತತೀವಿ ಅಂದಿದ್ರ ಕಾರ್ಡ್ ಕೇಳತಿದ್ರು. ಈ ರಾಜ್ಯದ ಹೆಂಗಸ್ರಿಗಷ್ಟ ಟಿಕೆಟ್ ಪುಕ್ಕಟ. ನಮ್ಮ ಆಧಾರ್ ಬೀದರಿಂದು. ನಮ್ಮ ಬಸ್ಸಿನ ಕಂಡಕ್ಟರ್ ಕಾರ್ಡ್ ಕೇಳದ ಗುರ್ತಿನ ಮ್ಯಾಲೆ ಪುಕ್ಕಟ ಕೊಡತಿದ್ದ, ಪಾಪ. ಗೊತ್ತಾಗಿದ್ರ ಅವನ ನೌಕರಿ ಹೋಗತಿತ್ತು."

"ಈಗ ಬಸ್ಸ ಬಸ್ತಿಗೆ ಬರೂದಿಲ್ಲ. ಯಾರೂ ಹತ್ತೂದಿಲ್ಲಂತ ಸೀದಾ ಹೈವೇಕ ಬಿಟ್ರು."

"ನಡದ್ರ ಕಾಲು ಸವೀತಾವೇನು?"

"ನಿಮ್ಮ ಮಗಳು, ದಾನೇಶ್ವರಿ, ದಿನಾ ಫ್ಯಾಕ್ಟರಿಯಿಂದ ಲಾರಿಗಳ ಬಾಜೂಕ ನಡಕೊಂತ ಬರಾಕತ್ತಾಳ. ನಿನ್ನೆ ಒಂದು ಲಾರಿ ಆಕಿ ಓಢಣಿ ಕಿತ್ತಕೊಂಡು ಹೋತು. ನಿಮಗ ಹೇಳಬ್ಯಾಡ ಅಂದಿದ್ಲು."

ಗದಿಗೆಮ್ಮ ಲಾರಿಗಳು ಹೋಗುತ್ತಿದ್ದ ರಸ್ತೆಯತ್ತ ತಿರುಗಿ ನೋಡಿದಳು.

"ಇವತ್ತ ಡಿಪೋದಾಗ ಬಸ್ಸಿನ ದಾರಿ ಬಗ್ಗೆ ಮತ್ತ ಮಂದೀನ ಕೇಳತಾರಂತ. ನೀವು ಅಲ್ಲೂ ಅದನ್ನ ಹೇಳೋರೇನು, ಅತ್ತಿ?"

ಗಿರಿಜಾಬಾಯಿ ಉತ್ತರಕ್ಕಾಗಿ ಕಾದಳು. ಅಷ್ಟರಲ್ಲಿ ಬಸ್ಸು ಬಂತು. ಬಾಗಿಲಲ್ಲಿದ್ದ ಕಂಡಕ್ಟರ್ ಗದಿಗೆಮ್ಮನ ಗುರುತು ಹಿಡಿದು ನಕ್ಕ. ಏನೂ ಕೇಳದೆ ಪುಕ್ಕಟೆ ಟಿಕೆಟ್ ಹರಿದು ಚಾಚಿದ.

ಗದಿಗೆಮ್ಮ ಅವನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದು, ಪುಕ್ಕಟೆ ಬೇಡವೆಂದು ಹಿಂದಿಯಲ್ಲಿ ಹೇಳಿದಳು.

"ನಕ್ಕೋ ಭಯ್ಯಾ. ಪೈಸೆ ಲೇಲೋ. ಡಿಪೋಕು ದೋ ಟಿಕೆಟ್."