ಶನಿವಾರ ಖಾರದ ಪುಡಿ

ಸುಂಕದಕಟ್ಟೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಕೂತಿದ್ದರು. ಸೊಸೆ ತಮ್ಮ ಹಿಟ್ಟಿನ ಗಿರಣಿಯನ್ನು ಮೊಬೈಲ್ ಮ್ಯಾಪಿಗೆ ಸೇರಿಸುತ್ತಿದ್ದಳು.

“ಅತ್ತೆ, ಟೈಮ್ ಏನು ಹಾಕ್ಲಿ?”

“ಎಂಟರಿಂದ ಎಂಟು. ಶನಿವಾರ ಖಾರದ ಪುಡಿ ಮಾತ್ರ ಅಂತ ಬರಿ ರಮ್ಯಾ. ಇರೋದೊಂದೇ ಮೆಷಿನ್ನು.”

“ಅದಕ್ಕೆ ಇಲ್ಲಿ ಜಾಗ ಇಲ್ಲ. ತೆಗೆದಿದೆಯಾ, ಮುಚ್ಚಿದೆಯಾ, ಅಷ್ಟೇ ಕೇಳತ್ತೆ.”

“ಹೊಸಬರು ಅವತ್ತೇ ರಾಗಿ ತಂದ್ರೆ?”

“ವಾಪಸ್ ಕಳಿಸೋಣ.”

“ದೂರದಿಂದ ಹೊತ್ಕೊಂಡು ಬಂದೋರು ‘ಸ್ವಲ್ಪ ಖಾರ ಬೆರೆತ್ರೂ ಪರವಾಗಿಲ್ಲ, ಹಾಕಿ’ ಅಂತಾರೆ. ಅದು ಮಗೂಗೆ ತಿನ್ಸೋ ರಾಗಿ ಆಗಿದ್ರೆ? ಮನೇಲಿ ಮಗು ಇದೆಯಾ ಅಂತ ಕೇಳತ್ತಾ ನಿನ್ ಫೋನು?”

ಸೊಸೆಯ ಬೆರಳು ನಿಂತಿತು. “ಇಲ್ಲ.”

“ಹಂಗಾದ್ರೆ ನನ್ ನಂಬರ್ ಹಾಕು. ಹೊರಡೋಕ್ ಮುಂಚೆ ಫೋನ್ ಮಾಡ್ಲಿ. ನಾನ್ ಕೇಳ್ತೀನಿ.”

ಬಸ್ ಬಂತು. ಅತ್ತೆ ಒಂದೊಂದೇ ಅಂಕಿ ಹೇಳುತ್ತಾ ಹತ್ತಿದರು.